ಗ್ರಹಣಕ್ಕೆ ಹಂಚಿದ ರೀಲು

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಇನ್ನೊಂದು ರೊಟ್ಟಿ ಹಾಕ್ರಿ ಅಂತ ತಾವಾಗಿ ಕೇಳಿದ್ದು ನನಗಂತೂ ನೆನಪಿಲ್ಲ. ಅಮ್ಮಿಯ ಕೈಯನ್ನು ದೂರಬೇಡಿ. ರೊಟ್ಟಿ ಬಡಿಯುವುದರಲ್ಲಿ ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯೊಳಗೆ ಅವಳಿಗೆ ಸರಿಗಟ್ಟುವವರು ಇರಲಿಲ್ಲ. ತಪ್ಪೆಲ್ಲ ಜೋಳದ ಕೋಣೆಯದು. ಮುಂದಿನ ಪಡಸಾಲೆ ಅಬ್ಬಾರ ಫೋಟೋ ಸ್ಟುಡಿಯೋ, ನಡುಮನೆ ನಾವು ಮಲಗುವ ಜಾಗ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡು ಕಿಟಕಿಯಿಲ್ಲದ ಒಂದು ಕೋಣೆ. ಮನೆ ಕಟ್ಟಿಸಿದ ಪುಣ್ಯಾತ್ಮ ಅದನ್ನು ಕಾಳುಕಡಿ ಇಡಲಿಕ್ಕೆ ಅಂತ ಕಟ್ಟಿಸಿದ್ದ. ಬೆಳಕಿನ ಎಳೆಯೊಂದೂ ನುಸುಳದ ಜಾಗ ಇಡೀ ಮನೆಯಲ್ಲಿ ಅದೊಂದೇ, ಹಾಗಾಗಿ ಅಬ್ಬಾ ಅದನ್ನೇ ಡಾರ್ಕ್‌ರೂಮ್ ಮಾಡಿಕೊಂಡರು. ಜೋಳದ ಚೀಲ ಇಡಲು ಬೇರೆ ಕಡೆ ಇರಲಿಲ್ಲ, ಅವೂ ಅಲ್ಲೇ ಉಳಿದವು. ಒಂದು ಗೋಡೆಗೆ ಜೋಳ, ಎದುರು ಗೋಡೆಗೆ ರೀಲು ತೊಳೆಯುವ ಔಷಧಿಯ ಬಾಟಲಿಗಳು. ಅವುಗಳಲ್ಲಿ ಹೈಪೋ ಅಂತ ಒಂದಿತ್ತು ನೋಡ್ರಿ, ಅದರ ಹುಳಿ ವಾಸನೆ ಚೀಲದೊಳಕ್ಕೆ ಇಳಿದು, ಹಿಟ್ಟಿಗೆ ಬಂದು, ರೊಟ್ಟಿಯಲ್ಲಿ ಕೂತುಬಿಡುತ್ತಿತ್ತು. ನಮಗೆ ಅದೇ ರೊಟ್ಟಿಯ ವಾಸನೆ. ಮದುವೆಯಾಗಿ ಹಡಗಲಿಗೆ ಹೋದ ಮೇಲೆ ಅಲ್ಲಿಯ ರೊಟ್ಟಿ ಸಪ್ಪಗೆ ಅನ್ನಿಸಿ, ತಿಂಗಳುಗಟ್ಟಲೆ ನಾನು ಹೊಟ್ಟೆ ತುಂಬ ಉಂಡವಳಲ್ಲ.

ಆ ಕೋಣೆಯ ಬಾಗಿಲು ಒಳಗಿನಿಂದ ಹಾಕಿತೆಂದರೆ ಜೋಳವೂ ಒಳಗೇ. ನಮ್ಮ ದಾದಿ, ಅಂದರೆ ಅಬ್ಬಾರ ತಾಯಿ, ಕೈಯಲ್ಲಿ ಪುಟ್ಟಿ ಹಿಡಿದುಕೊಂಡು ಹೊರಗೆ ನಿಂತು ಬಾಗಿಲು ಬಡಿಯುವಳು. ನಮ್ಮ ಮನೆಮಾತು ಉರ್ದು, ಆದರೆ ಓಣಿಯ ಕನ್ನಡ ಅದರೊಳಗೆ ಎಷ್ಟು ಬೆರೆತಿತ್ತೆಂದರೆ ಯಾರು ಯಾವುದನ್ನು ಯಾವ ಭಾಷೆಯಲ್ಲಿ ಅಂದರು ಅಂತ ಈಗ ಬಿಡಿಸಿ ಹೇಳಲಾರೆ.

"ಜೋಳ ಕೊಡ್ರೋ, ಗಿರಣಿ ಮುಚ್ಚೋ ಹೊತ್ತಾತು!"

"ಒಂದು ಗಳಿಗಿ ತಡಿ ಅಮ್ಮಾ. ಈಗ ಬಾಗಿಲಾ ತಗದ್ರ ಒಂದು ಇಡೀ ಮದುವಿ ಸುಟ್ಟು ಹೋಗ್ತೈತಿ," ಅಂತ ಅಬ್ಬಾ ಸ್ಟುಡಿಯೋದಿಂದಲೇ ಕೂಗುವರು.

"ಮದುವಿ ಯಾರದೋ, ಉಪವಾಸ ನಮ್ಮದು. ಚಂದೈತಿ ನಿಮ್ಮ ಧಂದೆ!"

ಇಂಥ ಮನೆಯಲ್ಲಿ ಬೆಳೆದವರಿಗೆ ಕೆಲವು ಚಾಳಿ ಹತ್ತಿಕೊಳ್ಳುತ್ತವೆ, ಸಾಯುವ ತನಕ ಬಿಡುವುದಿಲ್ಲ. ಮುಚ್ಚಿದ ಬಾಗಿಲು ಕಂಡರೆ ನಾನು ಇವತ್ತಿಗೂ "ಬರ್ಲೇನು?" ಅಂತ ಕೇಳದೆ ತಳ್ಳುವುದಿಲ್ಲ, ನನ್ನ ಸ್ವಂತ ಮನೆಯ ಬಚ್ಚಲ ಬಾಗಿಲನ್ನೂ. ತೊಳೆದ ರೀಲುಗಳು ನಡುಮನೆಯ ಹಗ್ಗಕ್ಕೆ ನೇತಾಡುತ್ತಿರುವಾಗ ಕಸ ಗುಡಿಸುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಚಾದರ ಝಾಡಿಸುವಂತಿಲ್ಲ. ಧೂಳು ಹತ್ತಿದರೆ ಮದುಮಗಳ ಗಲ್ಲದ ಮೇಲೆ ಸಿಡುಬು ಎದ್ದ ಹಾಗೆ ಕಾಣುತ್ತದೆ. ಯಾರೇ ಬಂದು "ಸಾಬ್ರೇ, ನನ್ನ ಫೋಟೋ ಬಂತೇನ್ರಿ?" ಅಂದರೂ ಅಬ್ಬಾರ ಉತ್ತರ ಒಂದೇ: "ರೀಲು ಮುಗೀಲಿ." ಒಂದು ರೀಲಿಗೆ ಹನ್ನೆರಡು ಫೋಟೋ. ಹನ್ನೆರಡೂ ತುಂಬುವ ತನಕ ಅದನ್ನು ಕ್ಯಾಮೆರಾದಿಂದ ಹೊರಗೆ ತೆಗೆಯುವುದಿಲ್ಲ. ಸಂತೆಯ ದಿನ ಬೇಗ ತುಂಬುತ್ತಿತ್ತು, ಮಳೆಗಾಲದಲ್ಲಿ ವಾರ ಎರಡು ವಾರ ಹಿಡಿಯುತ್ತಿತ್ತು. ಜನ ಗೊಣಗದೆ ಕಾಯುತ್ತಿದ್ದರು. ತಮ್ಮ ಮುಖ ಹೇಗೆ ಬಂದಿದೆಯೋ ಅನ್ನುವ ದಿಗಿಲನ್ನು ಹೊತ್ತುಕೊಂಡೇ ಹೊಲಕ್ಕೆ ಹೋಗುವರು, ಬರುವರು. ಈಗ ಅದನ್ನು ದೊಡ್ಡ ಸೊಗಸು ಅಂತ ಮಾತಾಡುತ್ತಾರೆ. ಮುಂದೆ ಹೇಳುತ್ತೇನೆ ಆ ಸೊಗಸು ನಮಗೆ ಏನು ಮಾಡಿತು ಅಂತ.

ರೀಲು ತೊಳೆಯುವ ಕೆಲಸ ಮಾತ್ರ ಅಬ್ಬಾರದಲ್ಲ, ಅಮ್ಮಿಯದು. ಆ ಔಷಧಿ ನೀರು ಅಬ್ಬಾರ ಮೈಗೆ ಆಗಿಬರುತ್ತಿರಲಿಲ್ಲ. ಕೈ ಅದ್ದಿದರೆ ಸಾಕು, ಬೆರಳ ಸಂದಿಯಲ್ಲಿ ಬೊಬ್ಬೆ ಎದ್ದು ಕೆರೆದು ಕೆರೆದು ರಕ್ತ ಬರುತ್ತಿತ್ತು. ಹಾಗಾಗಿ ಮದುವೆಯಾದ ಹೊಸತರಲ್ಲೇ ಅಮ್ಮಿಗೆ ಕಲಿಸಿದರಂತೆ. ಫಿಲ್ಮಿಗೆ ಕೆಂಪು ದೀಪವೂ ನಡೆಯುವುದಿಲ್ಲ, ಪೂರಾ ಕತ್ತಲೆ ಬೇಕು. ಆ ಕತ್ತಲೆಯಲ್ಲಿ ರೀಲಿನ ಎರಡೂ ತುದಿ ಹಿಡಿದು ಬಟ್ಟಲಿನ ಔಷಧಿಯೊಳಗೆ ಮೇಲೆ ಕೆಳಗೆ ಆಡಿಸುತ್ತಾ ಇರಬೇಕು. ಕಡಿಮೆಯಾದರೆ ಮುಖ ಮೂಡುವುದಿಲ್ಲ, ಹೆಚ್ಚಾದರೆ ಎಲ್ಲ ಕರ್ರಗಾಗುತ್ತದೆ. ಗಡಿಯಾರ ಕಾಣುವುದಿಲ್ಲ. ಅಮ್ಮಿ ಅದಕ್ಕೊಂದು ದಾರಿ ಮಾಡಿಕೊಂಡಿದ್ದಳು. ನಮಾಜಿನಲ್ಲಿ ಓದುವ ಅಲ್‌ಹಮ್ದು ಇದೆಯಲ್ಲ, ಅದನ್ನು ಒಂದೇ ಹದದಲ್ಲಿ ಇಷ್ಟು ಸಲ ಅಂತ ಓದುವಳು. ಓದಿ ಮುಗಿಯಿತೋ, ರೀಲು ಆಯಿತು. ಬಾಗಿಲಾಚೆ ಕೂತ ನಮಗೆ ಅವಳ ಧ್ವನಿ ಕೇಳುತ್ತಿತ್ತು, ಅಡುಗೆಮನೆಯಲ್ಲಿ ನಾವೂ ಸುಮ್ಮನಾಗುತ್ತಿದ್ದೆವು. ದಾದಿಗೆ ಮೊದಮೊದಲು ಸರಿಬರಲಿಲ್ಲವಂತೆ, ಅಲ್ಲಾಹನ ಮಾತನ್ನು ಇಂಥದಕ್ಕೆ ಹಚ್ಚುತ್ತಾರೇನು ಅಂತ. "ಜನರ ಮುಖ ಹಾಳಾಗದಂಗ ಬರ್ಲಿ ಅಂತ ಓದ್ತೀನ್ರಿ ಅತ್ತಿ, ತಪ್ಪೇನೈತಿ?" ಅಂದಳಂತೆ ಅಮ್ಮಿ. ಅವಳ ಕೈಯಲ್ಲಿ ಒಂದು ರೀಲೂ ಕೆಟ್ಟಿದ್ದಿಲ್ಲ.

ಇಷ್ಟೆಲ್ಲ ಮುಖ ತೊಳೆದು ಒಣಹಾಕಿದವಳ ಹತ್ತಿರ ಅವಳ ತಾಯಿಯ ಒಂದು ಫೋಟೋ ಇರಲಿಲ್ಲ. ನಮ್ಮ ನಾನಿ ಇದ್ದದ್ದು ಕೊಟ್ಟೂರಿನಲ್ಲಿ, ಚಾದರದ ವ್ಯಾಪಾರದವರ ಮನೆ. ಬೆಳ್ಳಗೆ, ತೆಳ್ಳಗೆ, ಮೂಗುತಿಯ ಹೆಂಗಸು. ಮಾತು ಮಾತ್ರ ಹಸಿಮೆಣಸಿನಕಾಯಿ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅವಳ ನಂಬಿಕೆ. ಅಳಿಯ ಫೋಟೋಗ್ರಾಫರ್ ಅಂತ ಗೊತ್ತಿದ್ದೇ ಮಗಳನ್ನು ಕೊಟ್ಟಿದ್ದಳು, ಆದರೆ ನಮ್ಮ ಮನೆಗೆ ಬಂದರೆ ಸ್ಟುಡಿಯೋ ದಾಟುವಾಗ ಬುರ್ಖಾದ ಮುಸುಕು ಕೆಳಗೆ ಬಿಟ್ಟುಕೊಂಡು ಸರಸರ ಒಳಗೆ ನಡೆಯುವಳು, ಕ್ಯಾಮೆರಾ ಎಲ್ಲಿ ಎದ್ದು ಬಂದು ಕಚ್ಚುತ್ತದೆಯೋ ಅನ್ನುವ ಹಾಗೆ. ಆ ಚಳಿಗಾಲ ಅಮ್ಮಿ ಬಸುರಿ. ನನ್ನ ನಂತರ ಎರಡು ಕೂಸು ಹೋಗಿದ್ದವು, ಹಾಗಾಗಿ ಮಗಳನ್ನು ನೋಡಿಕೊಂಡು ಹೋಗಲು ನಾನಿ ಬಂದಿದ್ದಳು. ಹೋಗುವ ದಿನ ಬೆಳಗ್ಗೆ ಅಮ್ಮಿ ಹಠ ಹಿಡಿದಳು. ಒಂದು ಫೋಟೋ, ಒಂದೇ ಒಂದು. ನಾನಿ ಬೈದಳು, ಅಮ್ಮಿ ಅತ್ತಳು. ಬಸುರಿಯನ್ನು ಅಳಿಸಬಾರದು ಅಂತ ದಾದಿ ನಡುವೆ ಬಾಯಿ ಹಾಕಿದಳು. ಕಡೆಗೆ ನಾನಿ ಬುರ್ಖಾ ತೆಗೆದು ಸೆರಗು ಸರಿಮಾಡಿಕೊಂಡು ಸ್ಟುಡಿಯೋದ ಸ್ಟೂಲಿನ ಮೇಲೆ ಹೋಗಿ ಕೂತಳು.

"ನೀ ಹೊರಗ ಹೋಗು," ಅಂದಳು ಅಮ್ಮಿಗೆ. "ನೀ ಮುಂದಿದ್ರ ನಾ ಕುಂದರೂದಿಲ್ಲ."

ಅಮ್ಮಿ ನನ್ನನ್ನೂ ಎಳೆದುಕೊಂಡು ಒಳಗೆ ಬಂದಳು. ಕ್ಯಾಮೆರಾದ ಸದ್ದು ಕೇಳಿತು. ಅಷ್ಟೇ. ಮತ್ತೆ ಬುರ್ಖಾ ಹಾಕಿಕೊಂಡು, ಮುಸುಕು ಇಳಿಬಿಟ್ಟುಕೊಂಡು ನಾನಿ ಸ್ಟೇಷನ್ ಕಡೆ ಹೊರಟಳು. ಬಾಗಿಲಲ್ಲಿ ನಿಂತ ಅಮ್ಮಿಗೆ ತಿರುಗಿ ಒಂದು ಮಾತು ಅಂದಳು.

"ಆತವ್ವಾ, ನಿನ್ನ ಹಠ ಗೆದ್ದಿತು. ಇನ್ನ ನನ್ನ ಆಯುಷ್ಯ ನೀನ ನೋಡ್ಕೋ."

ನಗುತ್ತಾ ಅಂದಳೋ, ಸಿಟ್ಟಿನಿಂದ ಅಂದಳೋ, ಮುಸುಕಿನೊಳಗಿನ ಮುಖ ಕಾಣಲಿಲ್ಲ. ಅವಳ ಚೇಷ್ಟೆಯೂ ಬೈಗುಳವೂ ಒಂದೇ ದನಿಯಲ್ಲಿ ಬರುತ್ತಿದ್ದವು. ಅಮ್ಮಿ ಅಬ್ಬಾರನ್ನು ಕೇಳಿದಳು: "ಕುಂತಾಗ ಹ್ಯಾಂಗಿದ್ಲರಿ? ಸಿಟ್ಟು ಮಾಡಿದ್ಲೇನು?" ಅಬ್ಬಾ ಏನು ಹೇಳಬೇಕು? "ನಾ ಬೆಳಕು ನೋಡಾಕತ್ತಿದ್ದೆ. ಮೂಗಿನ ಬಾಜುಕ ನೆರಳು ಬಿದ್ದಿತ್ತು, ಅದನ್ನ ಸರಿ ಮಾಡಿದೆ. ರೀಲು ಮುಗೀಲಿ, ನೀನ ನೋಡೀಯಂತ."

ರೀಲು ಮುಗಿಯಲಿಲ್ಲ. ಸುಗ್ಗಿಯ ದಿನಗಳು, ಫೋಟೋಕ್ಕೆ ಯಾರು ಬರುತ್ತಾರೆ? ಇನ್ನೂ ನಾಲ್ಕಾರು ಬಾಕಿ ಇರುವಾಗಲೇ ಒಂದು ಮಧ್ಯಾಹ್ನ ಕೊಟ್ಟೂರಿನಿಂದ ಆಳು ಬಂದ. ನಾನಿ ನೀರು ತರುವಾಗ ಕುಸಿದವಳು ಏಳಲಿಲ್ಲವಂತೆ. ಅಮ್ಮಿ ಹೋಗಿ ಮಣ್ಣು ಮುಗಿಸಿಕೊಂಡು ಬಂದಳು. ಬಂದವಳು ಬುರ್ಖಾವನ್ನೂ ತೆಗೆಯದೆ ಅಬ್ಬಾರ ಎದುರು ನಿಂತಳು.

"ರೀಲು ತಗೀರಿ. ಈಗ ತೊಳೀತೀನಿ."

"ಇವತ್ತು ಬ್ಯಾಡ. ನಿನಗ ಮೈಮ್ಯಾಲೆ ಎಚ್ಚರಿಲ್ಲ. ಬೇಕಂದ್ರ ನಾನ ತೊಳೀತೀನಿ."

"ನಮ್ಮ ಅಮ್ಮನ ಮುಖ ನಾನ ತೊಳೀಬೇಕು."

ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಒಳಗೆ ಅಲ್‌ಹಮ್ದು ಶುರುವಾಯಿತು. ಅದು ಗಡಿಯಾರದ ಬದಲಿಗೆ ಓದುವ ಸೂರಾ ಹೌದು, ಸತ್ತವರ ಹೆಸರಿನಲ್ಲಿ ಫಾತಿಹಾ ಕೊಡುವಾಗ ಓದುವುದೂ ಅದನ್ನೇ. ಒಳಗೆ ಅವಳು ಯಾವುದಕ್ಕೆ ಶುರುಮಾಡಿದಳೋ, ಎಲ್ಲಿ ಅದು ಇನ್ನೊಂದಾಯಿತೋ. ಓದಿದಳು, ಓದಿದಳು. ಹದ ಬದಲಾಯಿತು, ನಡುನಡುವೆ ಧ್ವನಿ ನಿಂತು ಬಿಕ್ಕಳಿಕೆ ಬಂತು, ಮತ್ತೆ ಮೊದಲಿನಿಂದ ಓದಿದಳು. ಕೈ ಮಾತ್ರ ರೀಲನ್ನು ಔಷಧಿಯಲ್ಲಿ ಆಡಿಸುತ್ತಲೇ ಇತ್ತು. ಅಬ್ಬಾ ಓಡಿಬಂದು ಬಾಗಿಲು ಬಡಿದರು, "ಸಾಕು, ತಗಿ, ತಗಿ!" ಅಂದರು. ಅವಳಿಗೆ ಕೇಳಲಿಲ್ಲ. ಹೊರಗೆ ಬಂದಾಗ ಅವಳ ಕೈಯಲ್ಲಿದ್ದ ರೀಲು ತವೆಯ ತಳದ ಹಾಗೆ ಕರ್ರಗಿತ್ತು.

ಅಬ್ಬಾ ಕೆಟ್ಟವರಲ್ಲ. ಆದರೆ ಅವತ್ತು ಅಂದ ಮಾತು ಕೆಟ್ಟದ್ದು. "ಓದಿ ಓದಿ ನಿಮ್ಮವ್ವನ್ನ ಎರಡನೇ ಸಲ ಮಣ್ಣು ಮಾಡಿದಿ," ಅಂದುಬಿಟ್ಟರು. ಆ ರೀಲಿನಲ್ಲಿ ಬೇರೆಯವರ ಫೋಟೋಗಳೂ ಇದ್ದವು, ಅವರಿಗೆ ಏನು ಹೇಳಬೇಕೋ ಅನ್ನುವ ಕಸಿವಿಸಿ ಬೇರೆ. ದೊಡ್ಡ ಮಾಡುವ ಯಂತ್ರಕ್ಕೆ ಹಾಕಿ ನಾನಿಯ ಫೋಟೋ ತೆಗೆಯಲು ನೋಡಿದರು. ನಮ್ಮ ಊರಿನ ಕರೆಂಟಿಗೆ ಆ ಬಲ್ಬು ಮಿಣುಕುತ್ತಿತ್ತು ಅಷ್ಟೇ, ಅಷ್ಟು ದಪ್ಪ ಕಪ್ಪನ್ನು ಅದರ ಬೆಳಕು ಎಲ್ಲಿ ದಾಟೀತು? ಕಾಗದ ಬಿಳಿಯದು ಬಿಳಿಯದಾಗಿಯೇ ಉಳಿಯಿತು. "ಇದರಾಗ ಏನೂ ಇಲ್ಲ," ಅಂತ ಸುರುಳಿ ಸುತ್ತಿ ಸ್ಟುಡಿಯೋದ ಮೂಲೆಗೆ ಒಗೆದರು. ಅವತ್ತಿನಿಂದ ಅಮ್ಮಿ ರೀಲು ಮುಟ್ಟಲಿಲ್ಲ. ಅಬ್ಬಾ ಕೈಗೆ ಬಟ್ಟೆ ಸುತ್ತಿಕೊಂಡು ತಾವೇ ತೊಳೆಯುವುದು, ಬೊಬ್ಬೆ ಎಬ್ಬಿಸಿಕೊಳ್ಳುವುದು. ಅಮ್ಮಿ ಮುಲಾಮು ಹಚ್ಚುವಳು, ಮಾತಿಲ್ಲ ಕತೆಯಿಲ್ಲ. ರಾತ್ರಿ ಊಟಕ್ಕೆ ಕೂತರೆ ತುತ್ತು ಅಗಿಯುವ ಸದ್ದು ಕೇಳುವಂಥ ಮನೆಯಾಯಿತು ನಮ್ಮದು. ಒಮ್ಮೆ ಮಾತ್ರ, ರೊಟ್ಟಿ ಬಡಿಯುತ್ತಿದ್ದವಳು ನನ್ನ ಕಡೆ ನೋಡದೆ ಅಂದಳು: "ಸಿಟ್ಟಿನಾಗ ಕುಂತಿದ್ಲೋ, ನಕ್ಕೋತ ಕುಂತಿದ್ಲೋ. ಅದೊಂದು ಗೊತ್ತಾಗಿದ್ರ ಸಾಕಿತ್ತು." ಆಗ ನನಗೆ ಹನ್ನೊಂದು ವರ್ಷ. ಹಿಟ್ಟಿನ ಪುಟ್ಟಿಯನ್ನು ಅವಳ ಹತ್ತಿರಕ್ಕೆ ಸರಿಸಿದೆ.

ಚಳಿ ಕಡಿಮೆಯಾಗುವ ಹೊತ್ತಿಗೆ ಆ ದೊಡ್ಡ ಗ್ರಹಣ ಬಂತು. ಹಗಲಿನಲ್ಲೇ ಕತ್ತಲಾಗುತ್ತದೆ ಅಂತ ರೇಡಿಯೋದಲ್ಲಿ ಹೇಳಿದ್ದೇ ಹೇಳಿದ್ದು. ದೊಡ್ಡವರೆಲ್ಲ ಬಾಗಿಲು ಹಾಕಿಕೊಂಡು ಒಳಗೆ, ನಮ್ಮಂಥ ಮಕ್ಕಳಿಗೆ ನೋಡುವ ಹುಚ್ಚು. ಸೂರ್ಯನನ್ನು ಬರಿಗಣ್ಣಿಂದ ನೋಡಬಾರದು, ಕಪ್ಪು ಫಿಲ್ಮಿನೊಳಗಿಂದ ನೋಡಬೇಕು ಅಂತ ಯಾರೋ ಹೇಳಿದ್ದೇ ತಡ, ಓಣಿಯ ಹುಡುಗರೆಲ್ಲ ಸ್ಟುಡಿಯೋ ಮುಂದೆ ಸಾಲುಗಟ್ಟಿದರು: "ಫೋಟೋ ಸಾಬ್ರೇ, ಕರಿ ರೀಲು ಕೊಡ್ರಿ!" ಅಬ್ಬಾರಿಗೆ ಮೂಲೆಯಲ್ಲಿ ಬಿದ್ದ ಸುರುಳಿ ಕಣ್ಣಿಗೆ 'ಬಿತ್ತು'. ಎರಡು ತಿಂಗಳಿಂದ ಅದು ಅವರ ಕಣ್ಣಿಗೆ ಚುಚ್ಚುತ್ತಿತ್ತು ಅಂತ ನನಗೆ ಗೊತ್ತು. ಕತ್ತರಿ ತೆಗೆದುಕೊಂಡು, ಯಾವ ತುಂಡಿನಲ್ಲಿ ಏನಿತ್ತು ಅಂತ ನೋಡದೆ, ಚಕಚಕ ಕತ್ತರಿಸಿ ಹಂಚಿಬಿಟ್ಟರು. ಅದರಲ್ಲಿ ಏನೂ ಇಲ್ಲವಲ್ಲ. ಆಮೇಲೆ ಟೋಪಿ ಹಾಕಿಕೊಂಡು ಗ್ರಹಣದ ನಮಾಜಿಗೆ ಮಸೀದಿಗೆ ಹೋದರು. ದಾದಿ ಅಮ್ಮಿಯನ್ನು ಜೋಳದ ಕೋಣೆಯಲ್ಲಿ ಕೂಡಿಸಿ, ತಾನು ಹೊಸ್ತಿಲ ಮೇಲೆ ಜಪಮಾಲೆ ಹಿಡಿದು ಕೂತಳು. ಬಸುರಿ ಗ್ರಹಣ ಕಂಡರೆ ಹುಟ್ಟುವ ಕೂಸಿನ ತುಟಿ ಸೀಳಿರುತ್ತದೆ ಅಂತ ನಮ್ಮಲ್ಲೂ ಅನ್ನುತ್ತಾರೆ, ನಿಮ್ಮಲ್ಲೂ ಅನ್ನುತ್ತಾರೆ. ಆ ಒಂದು ವಿಷಯದಲ್ಲಿ ಇಡೀ ಊರು ಒಂದೇ ಜಾತಿ.

ಸೂರ್ಯ ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದ. ಬಿಸಿಲಿಗೆ ಜ್ವರ ಬಂದ ಹಾಗೆ ಬಣ್ಣ ಕೆಟ್ಟಿತ್ತು. ನಾವೆಲ್ಲ ಅಂಗಳದಲ್ಲಿ ನಿಂತು ಒಂದೊಂದು ತುಂಡು ಕಣ್ಣಿಗೆ ಹಿಡಿದಿದ್ದೆವು. ಪಕ್ಕದ ಮನೆಯ ಸುಮಿ, ನನ್ನ ಓರಗೆಯವಳು, ಒಮ್ಮೆಗೇ ಕಿರುಚಿದಳು.

"ಏ, ಇದರಾಗ ಯಾರೋ ಮುದುಕಿ ಅದಾಳ! ಮೂಗುತಿ ಮುದುಕಿ!"

ಮನೆಯ ಮಿಣುಕು ಬಲ್ಬಿಗೆ ಆಗದ್ದು ಸೂರ್ಯನಿಗೆ ಆಗದೇನು? ಆ ಕಪ್ಪಿನೊಳಗೆ ನಾನಿ ಇದ್ದಳು, ಪೂರಾ ಇದ್ದಳು. ನನಗೂ ಕೊಡು ಅಂತ ನಾನು ಸುಮಿಯ ಕೈಗೆ ಜೋತುಬಿದ್ದೆ, ಉಳಿದವರು ನನ್ನ ಮೇಲೆ ಬಿದ್ದರು. ಅಷ್ಟರಲ್ಲಿ ಒಳಗೆ ದಾದಿ ಚೀರಿದ್ದು ಕೇಳಿತು, "ಬ್ಯಾಡ ಬೇಟಿ, ಹೊಟ್ಟ್ಯಾಗ ಕೂಸೈತಿ, ಬ್ಯಾಡ!" ಅಮ್ಮಿ ದಾದಿಯನ್ನು ದಾಟಿಕೊಂಡು, ತಲೆಯ ಮೇಲೆ ಸೆರಗೂ ಇಲ್ಲದೆ, ಅಂಗಳಕ್ಕೆ ಬಂದಳು. ಸುಮಿಯ ಕೈಯಿಂದ ತುಂಡನ್ನು ಕಸಿದುಕೊಂಡಳು. ಆ ಹೊತ್ತಿಗೆ ಸರಿಯಾಗಿ ಕತ್ತಲೆಯೂ ಬಂತು. ಹಕ್ಕಿಗಳು ಗಲಾಟೆ ಮಾಡುತ್ತಾ ಬೇವಿನ ಮರಕ್ಕೆ ಬಂದು ಬಿದ್ದವು, ಮಸೀದಿಯ ಕಡೆಯಿಂದ ತಕ್ಬೀರ್, ಗುಡಿಯ ಕಡೆಯಿಂದ ಜಾಗಟೆ, ಮಕ್ಕಳೆಲ್ಲ ಹೆದರಿ ಕೂಗುತ್ತಿದ್ದರು. ನಾನು ಅಮ್ಮಿಯ ಸೀರೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವಳು ಕತ್ತು ಮೇಲೆ ಮಾಡಿ, ಆ ತುಂಡನ್ನು ಕಣ್ಣಿಗೆ ಹಿಡಿದು ನಿಂತಿದ್ದಳು. ದಾದಿ ಬಂದು ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಗ್ರಹಣ ಮುಟ್ಟಿದ್ದು ಅಂತ ಆ ತುಂಡನ್ನು ಕಸಿದು ಒಲೆಗೆ ಹಾಕಿದಳು, ಅದು ಚಟ್ ಅಂತ ಸುರುಟಿಕೊಂಡು ಉರಿದುಹೋಯಿತು.

"ಏನು ನೋಡಾಕ ಬಂದಿದ್ದಿ? ಏನು ನೋಡಿದಿ?" ಅಂತ ದಾದಿ ಅಮ್ಮಿಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಾ ಕೇಳಿದಳು.

"ನೋಡಿದೆ," ಅಂದಳು ಅಮ್ಮಿ. "ನಗಾಕತ್ತಾಳ."

ಮರುದಿನ ಅಬ್ಬಾ ತಲೆಗೆ ಕೈಹೊತ್ತು ಕೂತಿದ್ದರು. "ಬಿಸಿಲಿಗೆ ಇಟ್ಟು ಪ್ರಿಂಟ್ ತಗೀಬಹುದಿತ್ತಲ್ಲ, ಒಂದು ಇಡೀ ದಿನ ಬಿಸಿಲಾಗ ಇಟ್ಟಿದ್ರ ಬರ್ತಿತ್ತಲ್ಲ," ಅಂತ ಯಾರಿಗೋ ಹೇಳುವ ಹಾಗೆ ಹೇಳುತ್ತಿದ್ದರು. ಮಳೆಗಾಲದಲ್ಲಿ ನನ್ನ ತಮ್ಮ ರಫಿ ಹುಟ್ಟಿದ. ಮೇಲ್ತುಟಿ ಮೂಗಿನ ತನಕ ಸೀಳಿತ್ತು.

ಆಮೇಲಿನ ವರ್ಷಗಳನ್ನು ಬರೆಯಲಿಕ್ಕೆ ನನಗೆ ಮನಸ್ಸೇ ಇಲ್ಲ. ಬಂದವರೆಲ್ಲ ತೊಟ್ಟಿಲು ನೋಡಿ, ಅಮ್ಮಿಯ ಮುಖ ನೋಡಿ, ನಾಲಿಗೆ ಲೊಚಗುಟ್ಟಿ ಹೋಗುವರು. ದಾದಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವಾಗೆಲ್ಲ ಒಂದು ನಿಟ್ಟುಸಿರು, ಅಷ್ಟೇ. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಅಲ್ಲಿಯ ಡಾಕ್ಟರು ಅಬ್ಬಾರಿಗೆ ಬಿಡಿಸಿ ಹೇಳಿದ್ದರು, ಕೂಸಿನ ತುಟಿ ಕೂಡುವುದು ಬಸುರು ನಿಂತ ಮೊದಲ ಎರಡು ತಿಂಗಳಲ್ಲೇ, ಗ್ರಹಣ ಬರುವಷ್ಟರಲ್ಲಿ ಅದು ಯಾವತ್ತೋ ಆಗಿಹೋಗಿತ್ತು ಅಂತ. ಅಬ್ಬಾ ಅದನ್ನು ಕೇಳಿಸಿಕೊಂಡು ಬಂದರು, ಮನೆಯಲ್ಲಿ ಬಾಯಿ ಬಿಡಲಿಲ್ಲ. ತಾಯಿಯ ಎದುರು ಹೆಂಡತಿಯ ಪರ ಮಾತಾಡುವ ಧೈರ್ಯ ಅವರಿಗೆ ಇರಲಿಲ್ಲ. ನನಗೆ ಹೇಳಿದ್ದು ದಾದಿ ಹೋಗಿ ಎಷ್ಟೋ ವರ್ಷದ ಮೇಲೆ. ಈ ಒಂದು ವಿಷಯಕ್ಕೆ ನಾನು ಅಬ್ಬಾರನ್ನು ಕ್ಷಮಿಸಿಲ್ಲ, ಗೋರಿಯ ಮುಂದೆ ನಿಂತಾಗಲೂ ಕ್ಷಮಿಸಿಲ್ಲ. ಅಷ್ಟು ಹೊತ್ತಿಗೆ, ತಾನು ಗ್ರಹಣ ನೋಡಿದ್ದರಿಂದಲೇ ತುಟಿ ಸೀಳಿತು ಅನ್ನುವುದು ಅಮ್ಮಿಯ ತಲೆಯಲ್ಲಿ ಕಲ್ಲಾಗಿತ್ತು. ಟೀಚರಾದ ಮೇಲೆ ನಾನು ಚೆಂಡು ಹಿಡಿದು, ದೀಪ ಹಿಡಿದು, ಗ್ರಹಣ ಅಂದರೆ ಇಷ್ಟೇ ಅಂತ ಎಷ್ಟು ಸಲ ತೋರಿಸಿದೆನೋ. "ಹೌದವ್ವಾ, ನೀ ಓದಿದಾಕಿ," ಅನ್ನುವಳು, ಎದ್ದು ರಫಿಗೆ ಚಹಾ ಮಾಡಲು ಹೋಗುವಳು. ನಮಗೆ ಇದ್ದ ಸಮಾಧಾನ ಒಂದೇ. ಹೋಗಲಿ, ತಾಯಿಯ ನಗುವ ಮುಖವನ್ನಾದರೂ ಕಂಡಳಲ್ಲ.

ಈಗ ಸ್ಟುಡಿಯೋ ರಫಿಯದು. ಆಧಾರಕ್ಕೆ, ಪಾಸ್‌ಪೋರ್ಟಿಗೆ ಎಲ್ಲ ಡಿಜಿಟಲ್ಲೇ, ನಿಂತ ಕಾಲ ಮೇಲೆ ಫೋಟೋ. ಆದರೆ ಮನಸ್ಸಿಗೆ ಬಂದವರ ಫೋಟೋ ತೆಗೆಯಲು ಅವನು ಇನ್ನೂ ರೀಲು ತರಿಸುತ್ತಾನೆ. ಹಾಳಾಗಿ ಹೋದ ಧಂದೆಗೆ ದುಡ್ಡು ಸುರಿಯುತ್ತೀಯಲ್ಲೋ ಅಂತ ನಾನು ಬೈದಿದ್ದಕ್ಕೆ ಲೆಕ್ಕವಿಲ್ಲ. ಜೋಳದ ಕೋಣೆಯಲ್ಲಿ ಈಗ ಜೋಳವಿಲ್ಲ, ಹೈಪೋ ಇದೆ. ಹೋದ ವರ್ಷ ನಾನು ರಜೆಗೆ ಬಂದಿದ್ದಾಗ ಉಜ್ಜಿನಿ ಕಡೆ ಸಿನಿಮಾ ತೆಗೆಯುತ್ತಿದ್ದ ಒಂದು ತಂಡದವರು ಜೀಪಿನಲ್ಲಿ ಬಂದರು. ಅವರೂ ಫಿಲ್ಮಿನಲ್ಲೇ ತೆಗೆಯುವವರಂತೆ. ಕ್ಯಾಮೆರಾದ ಡಬ್ಬಿಯೊಳಗೆ ರೀಲು ಸಿಕ್ಕಿಕೊಂಡಿದೆ, ಕತ್ತಲೆಯಲ್ಲೇ ಬಿಚ್ಚಬೇಕು, ಸುತ್ತಮುತ್ತ ಇನ್ನೂ ಡಾರ್ಕ್‌ರೂಮ್ ಇಟ್ಟುಕೊಂಡವನು ರಫಿ ಒಬ್ಬನೇ ಅಂತ ಯಾರೋ ಹೇಳಿದ್ದರು. ಕ್ಯಾಮೆರಾ ಹಿಡಿಯುವವಳು ಒಬ್ಬ ಹುಡುಗಿ, ಚುರುಕು. ಕೆಲಸ ಮುಗಿಸಿ ಬಂದು ನಡುಮನೆಯಲ್ಲಿ ಚಹಾ ಕುಡಿಯುತ್ತಾ ಕೂತಳು. ಎದುರು ಮಂಚದ ಮೇಲೆ ಅಮ್ಮಿ, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಸುಮ್ಮನಿರುವವಳಲ್ಲ, ಕೇಳಿದೆ.

"ಅಲ್ಲವಾ, ಫೋನಿನಾಗ ಸಿನಿಮಾ ತಗಿಯೋ ಕಾಲದಾಗ ನಿಮಗ್ಯಾಕ ಈ ರೀಲಿನ ಗೊಡವಿ?"

"ತೆಗೆದಿದ್ದು ಹೇಗೆ ಬಂತು ಅಂತ ಆಗಲೇ ಗೊತ್ತಾಗಲ್ಲ ಆಂಟಿ, ಅದೇ ನಮಗೆ ಬೇಕಿರೋದು," ಅಂದಳು. "ಡಿಜಿಟಲ್ ಆದ್ರೆ ಪ್ರತಿ ಶಾಟ್ ಆದ್ಮೇಲೂ ಎಲ್ಲರೂ ಟಿವಿ ಮುಂದೆ ಓಡ್ತಾರೆ. ನಾನು ದಪ್ಪ ಕಾಣ್ತೀನಿ, ಇನ್ನೊಂದ್ಸಲ ಮಾಡೋಣ ಅಂತಾರೆ. ಫಿಲ್ಮ್ ಓಡೋ ಸದ್ದು ಕೇಳಿದ್ರೆ ಲೈಟ್ ಹುಡುಗರೂ ಉಸಿರು ಹಿಡ್ಕೋತಾರೆ. ಇರೋದೇ ಇಷ್ಟು, ಹೋದ್ರೆ ಹೋಯ್ತು ಅಂತ ಎಲ್ಲರಿಗೂ ಗೊತ್ತಿರುತ್ತೆ."

"ನಿಮಗ ನಾಳಿ ಮತ್ತೊಂದು ರೀಲು ಐತಿ, ಅದಕ್ಕ ಆ ಮಾತು ನಿಮಗ ಸಿಹಿ ಅನ್ನಸ್ತೈತಿ," ಅಂದೆ. ಹುಡುಗಿಯ ಮುಖ ಸಣ್ಣದಾಯಿತು. ನನ್ನ ನಾಲಿಗೆಯೇ ಹಾಗೆ, ನಾನಿಯದು.

ರಫಿ ನಕ್ಕ. ನಕ್ಕಾಗ ಅವನ ತುಟಿಯ ಹೊಲಿಗೆ ಒಂದು ಕಡೆಗೆ ಜಗ್ಗುತ್ತದೆ. "ಆಪಾ ಹಂಗ ಅಂತಾಳ ಬಿಡ್ರಿ. ನನ್ನ ಕೇಳ್ರಿ, ನಾ ಯಾಕ ಬಿಟ್ಟಿಲ್ಲ ಅಂತ," ಅಂದ. ನಾನಿಯ ಕತೆಯನ್ನು ಮೊದಲಿನಿಂದ ಹೇಳಿದ, ಕರಿ ರೀಲು, ಗ್ರಹಣ, ಸುಮಿ ಕಿರುಚಿದ್ದು, ಎಲ್ಲ. ತಾನು ಕಂಡವನ ಹಾಗೆ ಹೇಳಿದ.

"ಆ ಫಿಲ್ಮು ನಮ್ಮ ನಾನಿ ಕುಂತ ಕೋಣ್ಯಾಗ ಇತ್ತು ನೋಡ್ರಿ. ಆಕಿ ಮುಖದ ಮ್ಯಾಲಿನ ಬೆಳಕ ಬಂದು ಅದಕ್ಕ ತಾಗಿತ್ತು. ಅದನ್ನ ಕೈಯಾಗ ಹಿಡದು ನಮ್ಮ ಅಮ್ಮಿ ತನ್ನ ತಾಯಿನ ನೋಡಿದ್ಲು. ಫೋನಿನ ಫೋಟೋನ ಸೂರ್ಯಗ ಹಿಡದ್ರ ಏನು ಕಾಣ್ತೈತ್ರಿ? ಈ ತುಟಿ ಅದಕ್ಕ ತೆತ್ತಿದ್ದು ಅಂತಿತ್ತು ಓಣಿ. ಅನ್ನಲಿ. ತುಟಿ ಕೊಟ್ಟು ತಾಯಿ ಮುಖ ಕೊಂಡ್ಲು, ಲುಕ್ಸಾನ ಏನಾತು?"

ಆ ಹುಡುಗಿಯ ಕಣ್ಣು ಒದ್ದೆಯಾಗಿತ್ತು. ಮಂಚದ ಮೇಲೆ ಅಮ್ಮಿ ಕಣ್ಣು ತೆರೆದಿದ್ದಳು.

"ಇಲ್ಲಪ್ಪಾ," ಅಂದಳು. "ಕಾಣಲಿಲ್ಲ."

ಏನು ಅಂತ ನಮಗೆ ತಿಳಿಯಲಿಲ್ಲ. ರಫಿ ಅವಳ ಹತ್ತಿರ ಹೋಗಿ ಬಗ್ಗಿ ಕೂತ.

"ನಾ ಹೊರಗ ಬಂದಾಗ ಸೂರ್ಯ ಪೂರಾ ಮುಚ್ಚಿದ್ದ. ರೀಲು ಹಿಡದೆ, ಕರ್ರಗಿತ್ತು. ಇನ್ನ ಬರ್ತಾಳ, ಈಗ ಬರ್ತಾಳ ಅಂತ ನಿಂತೆ. ಬೆಳಕು ತಿರುಗಿ ಬರೂದರಾಗ ನಿಮ್ಮ ದಾದಿ ಒಳಗ ಎಳಕೊಂಡು ಹೋದ್ಲು."

"ನಗಾಕತ್ತಾಳ ಅಂದಿದ್ದಿಯಲ್ಲ ಅಮ್ಮಿ," ಅಂದೆ ನಾನು.

"ಅಂದಿದ್ದೆ. ನಿಮ್ಮ ದಾದಿ ನನ್ನ ಹೊಟ್ಟಿ ಮ್ಯಾಲೆ ಕೈಯಿಟ್ಟು ಅಳಾಕತ್ತಿದ್ಲು. ಏನೂ ಕಾಣಲಿಲ್ಲ ಅಂತ ಹ್ಯಾಂಗ ಅನ್ಲಿ? ಆಮ್ಯಾಲೆ ಇವ ಹುಟ್ಟಿದ."

"ಇಷ್ಟು ವರ್ಷಾತಲ್ಲ ಅಮ್ಮಿ," ಅಂದ ರಫಿ. "ನನಗರ ಹೇಳಬೇಕಿತ್ತಿಲ್ಲೇನು?"

ಅಮ್ಮಿ ಕೈ ಎತ್ತಿ ಅವನ ಮೇಲ್ತುಟಿಯ ಹೊಲಿಗೆಯ ಮೇಲೆ ಹೆಬ್ಬೆರಳಿಟ್ಟಳು. ಅಲ್ಲಿಗೆ ಅವಳ ಕೈ ಹೋದದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

"ನಿನ್ನ ತುಟಿ ಸುಮ್ಮನ ಹೋತು ಅಂತ, ನಿನಗ ನಾ ಯಾವ ಬಾಯಿಲೆ ಹೇಳ್ಲಪ್ಪಾ?"